ಕೆರೆ ನೀರಿನ ವರದಿ ‘ಮಿತಿಯೊಳಗಿದೆ’ ಎಂದರೆ ನಂಬಬಹುದೇ?

ನಿಮ್ಮ ಪ್ರಶ್ನೆ ಇದು: ಕೋಲಾರ ತಾಲ್ಲೂಕಿನ ನಿಮ್ಮೂರಿನ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಬಂದ ಮೇಲೆ ಕೊಳವೆಬಾವಿಗಳಲ್ಲಿ ನೀರು ಏರಿದೆ, ಪರೀಕ್ಷಾ ವರದಿ ಎಲ್ಲವೂ ಮಿತಿಯೊಳಗಿದೆ ಎನ್ನುತ್ತಿದೆ, ಅದನ್ನು ನಂಬಬಹುದೇ?

ವರದಿ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಒಂದು ದಿನ ತುಂಬಿದ ಒಂದು ಬಾಟಲಿ ಇಡೀ ಕೆರೆಯ ಪರವಾಗಿ ಸಾಕ್ಷಿ ನುಡಿಯಲಾರದು. ಇದೇ ಜಿಲ್ಲೆಯಲ್ಲಿ ನೀರು ಪರೀಕ್ಷೆಯ ಕೆಲಸ ಮಾಡುವವನು ನಾನು. ಯಾವ ವರದಿ ಕೈಗೆ ಬಂದರೂ ಮಾದರಿಯನ್ನು ಎಲ್ಲಿಂದ, ಎಷ್ಟು ಗಂಟೆಗೆ ತೆಗೆದರು ಎಂಬುದನ್ನು ಮೊದಲು ಹುಡುಕುತ್ತೇನೆ. ಅಂಕಿಗಳ ಸರದಿ ಆಮೇಲೆ.

ಗಂಟೆ ಯಾಕೆ ಮುಖ್ಯವೆಂದರೆ, ಪಾಚಿಗಟ್ಟಿದ ಕೆರೆ ಹಗಲಿಗೂ ಇರುಳಿಗೂ ಒಂದೇ ಆಗಿರುವುದಿಲ್ಲ. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಕೊಳಕು ನೀರಿನಲ್ಲೂ ಕರಗಿದ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ. ರಾತ್ರಿಯಿಡೀ ಅದೇ ಪಾಚಿ, ಬ್ಯಾಕ್ಟೀರಿಯಾ ಎರಡೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವದಲ್ಲೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಸಾಕಣೆಯ ನೀರಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ಅದು ಇದೆಯೋ ಇಲ್ಲವೋ ತಿಳಿಯಬೇಕಾದರೆ ಸೂರ್ಯ ಹುಟ್ಟುವ ಮೊದಲೇ ಏರಿಯ ಮೇಲೆ ನಿಂತಿರಬೇಕು.

ಆಮ್ಲಜನಕ ಪರೀಕ್ಷೆಗೆ ಮಾದರಿ ತೆಗೆಯುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. 300 ಮಿಲಿಲೀಟರ್‌ನ ಗಾಜಿನ ಬಾಟಲಿಯನ್ನು ಉಕ್ಕಿ ಹರಿಯುವಂತೆ ತುಂಬಿ, ಬಿರಡೆಯ ಕೆಳಗೆ ಒಂದೇ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಬೇಕು. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಕೆರೆಯ ದಡದಲ್ಲೇ ಹಾಕಬೇಕು. ಆಮ್ಲಜನಕ ಇದ್ದರೆ ಬಾಟಲಿಯೊಳಗೆ ಕಂದು ಗಸಿ ಏಳುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತುಂಬಿ, ಬೈಕಿಗೆ ಕಟ್ಟಿಕೊಂಡು ಪಟ್ಟಣಕ್ಕೆ ಒಯ್ದು ಅಳೆದ ಆಮ್ಲಜನಕದ ಅಂಕಿಗೆ ಬೆಲೆಯಿಲ್ಲ.

ಸಾವಿರ ಅಡಿ ಕೊರೆಸಿ ಧೂಳು ಕಂಡ ರೈತರ ಜಿಲ್ಲೆ ನಮ್ಮದು. ಈ ನೀರು ಬೇಡವೆಂದು ನಾನು ಎಂದೂ ಹೇಳುವುದಿಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಸಂಭ್ರಮಪಟ್ಟದ್ದು ನ್ಯಾಯವೇ. ಮರುತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿದ್ದೂ ಅಷ್ಟೇ ನ್ಯಾಯ. ದಿನಕ್ಕೆ 440 ದಶಲಕ್ಷ ಲೀಟರ್‌ಗೆಂದು ರೂಪಿಸಿದ ಈ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರಿಗೆ ಆಗುವುದು ಎರಡನೇ ಹಂತದ ಶುದ್ಧೀಕರಣ ಮಾತ್ರ. ಅದು ಕೊಳೆಯುವ ಕಸವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸಾರಜನಕ, ರಂಜಕಗಳನ್ನು ಪೂರ್ತಿ ತೆಗೆಯುವುದಿಲ್ಲ. ಪಾಚಿಗೂ ಜಲಕಳೆಗೂ ಅದೇ ಗೊಬ್ಬರ.

ಆದ್ದರಿಂದ ನಿಮ್ಮ ಕೊಳವೆಬಾವಿಯಲ್ಲಿ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗಿರುವ ಸಾರಜನಕದ ಒಂದು ರೂಪ, ಎಷ್ಟಿದೆ ನೋಡಿಸಿ. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಬಾಟಲಿ ಹಾಲು ಕುಡಿಯುವ ಎಳೆಗೂಸು ಇರುವ ಮನೆಯವರಿಗೆ ಇದನ್ನು ದಯವಿಟ್ಟು ತಿಳಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇರೆಯದೇ ಕ್ರಿಮಿಶುದ್ಧ ಬಾಟಲಿ ಬೇಕು, ಅದು ಮಂಜುಗಡ್ಡೆಯಲ್ಲಿ ಪ್ರಯಾಣಿಸಬೇಕು.

ಇನ್ನು ಸೀಸ, ಕ್ಯಾಡ್ಮಿಯಂನಂಥ ಲೋಹಗಳ ಮಾತು. ಇವು ಹೆಚ್ಚಾಗಿ ಹೂಳಿಗೆ ಅಂಟಿಕೊಳ್ಳುತ್ತವೆ. ನೀರಿನ ವರದಿ ಶುದ್ಧವಾಗಿದ್ದು ಗೋಡುಮಣ್ಣು ಹಾಗಿಲ್ಲದಿರಬಹುದು. ನಮ್ಮಲ್ಲಿ ಆ ಮಣ್ಣನ್ನು ಹೊಲಕ್ಕೆ ಹೊಡೆಯುವ ರೂಢಿ ಇದೆಯಲ್ಲ, ಅದಕ್ಕೇ ಕೇಳುತ್ತಿದ್ದೇನೆ: ಹೂಳಿನ ಪರೀಕ್ಷೆಗೂ ಪಂಚಾಯಿತಿಯಿಂದ ಅರ್ಜಿ ಕೊಡಿಸಿ.

ನೀರು ಕೆರೆಗೆ ಬೀಳುವ ಕಡೆ, ನಡುವೆ, ಕೋಡಿಯ ಹತ್ತಿರ, ಕೆಳಗಿನ ಒಂದೆರಡು ಕೊಳವೆಬಾವಿಗಳು: ಈ ಜಾಗಗಳನ್ನು ಬದಲಿಸದೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ಹಳೆಯ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೇಳುವಾಗ ಮಾದರಿ ತೆಗೆದ ಸ್ಥಳ ಮತ್ತು ಸಮಯದ ದಾಖಲೆಯೂ ಬೇಕೆಂದು ಅರ್ಜಿಯಲ್ಲೇ ಬರೆಯಿರಿ.