ನೈಟ್‌ರೈಡರ್ ಕದ್ದ ಕಾರನ್ನೇ ರಿಪೇರಿ ಮಾಡಿ ಮ್ಯಾಕ್ಸ್‌ಗೆ ಕೊಟ್ಟರಾ?
ನಿಮ್ಮ ಥಿಯರಿಯಲ್ಲಿ ‘ಅದೇ ಕಾರು’ ಅಂತ ಬರೆದಿದ್ದೀರಿ. ಇಲ್ಲ, ಅವೆರಡೂ ಬೇರೆ ಕಾರುಗಳು. 1979ರ ‘ಮ್ಯಾಡ್ ಮ್ಯಾಕ್ಸ್’ ಸಿನಿಮಾದಲ್ಲಿ ನೈಟ್‌ರೈಡರ್ ಎಂಬ ಖದೀಮ ಕದ್ದು ಓಡಿಸುವುದು ಪರ್ಸ್ಯೂಟ್ ಸ್ಪೆಷಲ್ ಎಂಬ ಪೊಲೀಸರ ಚೇಸ್ ಕಾರು, ಅಭಿಮಾನಿಗಳು ನಾಯಕನಾದ ಪೊಲೀಸ್ ಮ್ಯಾಕ್ಸ್‌ನ ಕಪ್ಪು ಕಾರನ್ನೂ ಅದೇ ಹೆಸರಲ್ಲಿ ಕರೆಯುತ್ತಾರೆ, ಗೊಂದಲ ಶುರುವಾಗಿದ್ದೇ ಅಲ್ಲಿಂದ.

ಮೊದಲು ಆರಂಭದ ಚೇಸ್ ಹಾಕಿ, ಕಾರಿನ ಹಿಂಭಾಗ ಕಂಡಾಗ ಪಾಸ್ ಮಾಡಿ. ಅದು ಹೋಲ್ಡನ್ ಮೊನಾರೊ, ಹಿಂದಿನ ದೀಪಗಳು ಬಂಪರ್ ಒಳಗೇ ಇರುತ್ತವೆ. ಆಮೇಲೆ ಗ್ಯಾರೇಜಿನಲ್ಲಿ ಮ್ಯಾಕ್ಸ್‌ಗೆ ಕಪ್ಪು ಕಾರು ತೋರಿಸುವ ದೃಶ್ಯಕ್ಕೆ ಬನ್ನಿ. ಅದು 1973ರ ಫೋರ್ಡ್ ಫಾಲ್ಕನ್ ಎಕ್ಸ್‌ಬಿ ಜಿಟಿ ಕೂಪೆ. ಮೂತಿ ಮುಂದಕ್ಕೆ ಚಾಚಿಕೊಂಡು ಇಳಿಜಾರಾಗಿದೆ, ಬಾನೆಟ್ ಮೇಲೆ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಎದ್ದು ನಿಂತಿದೆ. ಎಷ್ಟು ಚೆಂದದ ಕಾರು ಅಲ್ವಾ! ಮ್ಯಾಕ್ಸ್ ಮೊದಲು ಓಡಿಸುವ ಹಳದಿ ಪೊಲೀಸ್ ಕಾರು ಇಂಟರ್‌ಸೆಪ್ಟರ್ ಕೂಡ ಫಾಲ್ಕನ್ನೇ, ಆದರೆ ನಾಲ್ಕು ಬಾಗಿಲಿನ ಸೆಡಾನ್, ಅದನ್ನು ಇದರ ಜೊತೆ ಸೇರಿಸಬೇಡಿ.

ಕೊನೆಗೆ ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮಾತು ಕೇಳಿ. ಅಲ್ಲೊಂದು ಇಲ್ಲೊಂದು ಪಾರ್ಟ್ ತಂದು ಜೋಡಿಸಿದ್ದು ಅನ್ನುತ್ತಾನೆ. ಚೇಸ್‌ನ ಕೊನೆಗೆ ಸುಟ್ಟುಹೋದ ಮೊನಾರೊದಿಂದಲೂ ಏನಾದರೂ ಬಂದಿರಬಹುದಾ? ಸಿನಿಮಾ ಹೇಳುವುದಿಲ್ಲ. ನಿಮ್ಮ ಥಿಯರಿಗೆ ಅಷ್ಟು ಜಾಗ ಇದೆ, ‘ಅದೇ ಕಾರು’ ಅನ್ನುವ ಸಾಲನ್ನು ಮಾತ್ರ ತೆಗೆದುಬಿಡಿ.