ಮಕ್ಕಳು ಮಲಗಿದ ಮೇಲೆ ಎಂಬಿಎ

ಪ್ರಶ್ನೆ: ಮೇಡಂ, ನನಗೆ ಇಬ್ಬರು ಪುಟ್ಟ ಮಕ್ಕಳು, ಜೊತೆಗೆ ಪೂರ್ತಿ ದಿನದ ಕೆಲಸ. ಆನ್‌ಲೈನ್ ಎಂಬಿಎ ಮಾಡುವ ಆಸೆ. ಆಗುತ್ತದಾ?

ಉತ್ತರ: ಆಗುತ್ತದೆ. ನಾನು ಸೇರಿದಾಗ ಮಗಳಿಗೆ 4 ವರ್ಷ. ಹುಮ್ಮಸ್ಸಿನಲ್ಲಿ ಒಟ್ಟಿಗೆ ಮೂರು ವಿಷಯ ತೆಗೆದುಕೊಂಡು ಸುಸ್ತಾಗಿಹೋದೆ. ಮುಂದಿನ ಸೆಮಿಸ್ಟರ್‌ನಿಂದ ಒಂದೊಂದೇ. ಕೋರ್ಸ್ ಮುಗಿಯಲು ಒಂದು ವರ್ಷ ಜಾಸ್ತಿ ಹಿಡಿಯಿತು, ಅಷ್ಟೇ.

ಸೇರುವ ಮೊದಲು ಇದನ್ನು ಕೇಳಿ: ಪಾಠಗಳ ರೆಕಾರ್ಡಿಂಗ್ ಸಿಗುತ್ತದಾ, ಇಲ್ಲ ಲೈವ್ ಆಗಿಯೇ ಕೂರಬೇಕಾ? ಮಗುವಿಗೆ ಜ್ವರ ಬಂದ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ. ಗ್ರೂಪ್ ಪ್ರಾಜೆಕ್ಟ್ ಎಷ್ಟಿವೆ ಅಂತಲೂ ವಿಚಾರಿಸಿ. ಓದಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಐದು ಜನರಿಗೂ ಬಿಡುವಾಗುವ ಒಂದು ಗಂಟೆ ಹುಡುಕುವುದೇ ಒಂದು ಪ್ರಾಜೆಕ್ಟ್!

ಮಾನ್ಯತೆಯನ್ನೂ ನೋಡಿ. ಎಎಸಿಎಸ್‌ಬಿ, ಎಎಂಬಿಎ, ಈಕ್ವಿಸ್ ಎಂಬ ಮೂರು ಅಂತರರಾಷ್ಟ್ರೀಯ ಮಾನ್ಯತೆಗಳಿವೆ. ಇವು ಇಲ್ಲದ ಒಳ್ಳೆಯ ಕಾಲೇಜುಗಳೂ ಇವೆ. ಆದರೆ ನಿಮ್ಮ ದೇಶದ ಸರ್ಕಾರದ ಮಾನ್ಯತೆಯಂತೂ ಇರಲೇಬೇಕು.

ಮಾರ್ಕೆಟಿಂಗ್ ಕೇಸ್ ಸ್ಟಡಿಗಳನ್ನು, ಅಂದರೆ ಕಂಪನಿಗಳ ಅನುಭವದ ಕಥೆಗಳನ್ನು, ಬಸ್ಸಿನಲ್ಲೂ ಓದಬಹುದು. ಅಕೌಂಟಿಂಗ್‌ಗೆ ಮಾತ್ರ ಮೇಜು, ಪೆನ್ನು, ಎರಡು ಗಂಟೆ ಬೇಕೇ ಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಮಗಳು ಅವಳಪ್ಪನ ಪಾಲು. ಮಕ್ಕಳನ್ನು ಯಾರು ಯಾವಾಗ ನೋಡಿಕೊಳ್ಳಬೇಕು ಎಂಬ ಮಾತುಕತೆಯನ್ನು ಮನೆಯವರ ಜೊತೆ ಫೀಸು ಕಟ್ಟುವ ಮೊದಲೇ ಮಾಡಿಕೊಳ್ಳಿ.