ಬೆಳಗಿನ ಆ ಎರಡು ಗಂಟೆ ಚಿನ್ನಿ ಒಳಗಿರ್ಲಿ

ನಮಸ್ಕಾರ,

ನಿಮ್ಮ ಪತ್ರ ಬಂದು ಹತ್ತು ದಿನ ಆಯ್ತು, ಉತ್ತರ ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಮೂರ್ನಾಲ್ಕು ಸಲ ಓದಿದ್ಮೇಲೇ ಬರಿಯೋಕೆ ಕೂತಿದ್ದೀನಿ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನೀವು ಬರೆದಿದ್ದನ್ನ ಚಿಕ್ಕದಾಗಿ ಮೊದ್ಲು ಹೇಳ್ಬಿಡ್ತೀನಿ. ನಿಮ್ಮ ಮನೇಲಿ ಚಿನ್ನಿ ಅಂತ ಹದಿನಾರು ವರ್ಷದ ಬೆಕ್ಕಿದೆ, ಮನೆಯವರಿಗೆಲ್ಲ ಮುದ್ದು, ಅದಕ್ಕೇ ಅಂತ ಒಂದು ಕುರ್ಚಿ, ಒಂದು ಶಾಲು. ಈ ಸಲ ಚಳಿ ಎಷ್ಟಿದೆ ಅಂದ್ರೆ ಹೊರಗಿಟ್ಟ ನೀರು ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗಿರತ್ತೆ, ಪಾಪ ಅಂತ ನೀವು ತೋಟದಲ್ಲಿ ಹಕ್ಕಿಗಳಿಗೆ ಕಾಳು ಇಡೋಕೆ ಶುರು ಮಾಡಿದ್ರಿ, ಮೂರು ವಾರದಲ್ಲಿ ಹಕ್ಕಿಗಳ ದಂಡೇ ಬರೋಕೆ ಶುರುವಾಯ್ತು. ಒಂದಿನ ಬೆಳಿಗ್ಗೆ ನೋಡಿದ್ರೆ, ಬೇಟೆ ಮರ್ತು ಎಷ್ಟೋ ವರ್ಷ ಆಯ್ತು ಅಂತ ನೀವು ಅಂದ್ಕೊಂಡಿದ್ದ ಚಿನ್ನಿ ಒಂದು ಗುಬ್ಬಚ್ಚೀನ ಕಚ್ಕೊಂಡು ಬಾಗಿಲಲ್ಲಿ ನಿಂತಿತ್ತು, ನೀವು ಬಿಡಿಸಿದ್ಮೇಲೆ ಅದು ಹಾರಿಹೋಯ್ತು. ‘ಊಟಕ್ಕೆ ಕರೆದು ನಾನೇ ಕೊಲ್ಲಿಸೋಕೆ ಹೊರಟ ಹಾಗಾಯ್ತಲ್ಲ, ಕಾಳು ಇಡೋದು ನಿಲ್ಲಿಸ್ಲಾ, ಇಲ್ಲಾ ಈ ವಯಸ್ಸಲ್ಲಿ ಅದನ್ನ ಕೂಡಿಹಾಕ್ಲಾ’ ಅಂತ ಕೇಳಿದ್ದೀರಿ.

ಎರಡೂ ಬೇಡ ಅಂತೀನಿ. ಬೆಕ್ಕು ಪೂರ್ತಿ ಮನೆ ಒಳಗೇ ಇದ್ರೆ ಹಕ್ಕಿಗಳಿಗೆ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹದಿನಾರು ವರ್ಷ ತೋಟ ಸುತ್ತಿದ ಜೀವಕ್ಕೆ ಏಕ್ದಂ ಬಾಗಿಲು ಹಾಕೋಕೆ ನಿಮಗೆ ಮನಸ್ಸು ಬರ್ತಿಲ್ಲ ಅಂದ್ರೆ, ಕಡೇಪಕ್ಷ ಬೆಳಕು ಹರಿಯೋಕೆ ಶುರುವಾದಾಗಿಂದ ಎರಡು ಗಂಟೆ, ಆಮೇಲೆ ಸಂಜೆ ಕತ್ತಲಾಗೋ ಮುಂಚಿನ ಒಂದು ಗಂಟೆ ಅದು ಒಳಗಿರ್ಲಿ. ಯಾಕೆ ಆ ಹೊತ್ತೇ ಅಂತ ಹೇಳ್ತೀನಿ.

ನಿನ್ನೆ ಬೆಳಿಗ್ಗೆ ನಮ್ಮ ಗೇಟಿನ ಕಂಬಿ ಮೇಲೆ ಒಂದು ಗುಬ್ಬಚ್ಚಿ ಕೂತಿತ್ತು, ಉಬ್ಬಿ ಉಬ್ಬಿ ಚೆಂಡಿನ ಥರ ಆಗಿತ್ತು, ಕುತ್ತಿಗೆ ಎಲ್ಲಿ ಅಂತಾನೇ ಕಾಣ್ತಿರ್ಲಿಲ್ಲ, ಒಂದು ಕಾಲು ಪುಕ್ಕದೊಳಗೆ, ಇನ್ನೊಂದು ಕಡ್ಡಿ ಥರದ ಕಾಲು ಆ ತಣ್ಣನೆ ಕಬ್ಬಿಣದ ಮೇಲೆ. ಐದು ನಿಮಿಷ ಆದ್ಮೇಲೆ ಕಾಲು ಬದಲಾಯಿಸ್ತು. ಅಷ್ಟು ತೆಳ್ಳಗಿನ ಕಾಲು ಯಾಕೆ ಸೆಟೆದುಹೋಗಲ್ಲ ಅಂದ್ರೆ, ಮೈಯಿಂದ ಕೆಳಗಿಳಿಯೋ ಬಿಸಿ ರಕ್ತದ ನಾಳ, ಕಾಲಿಂದ ಮೇಲೆ ಹೋಗೋ ತಣ್ಣನೆ ರಕ್ತದ ನಾಳ ಎರಡೂ ಅಂಟ್ಕೊಂಡೇ ಇರ್ತಾವೆ, ಇಳಿಯೋ ರಕ್ತ ತನ್ನ ಬಿಸೀನ ಹತ್ತೋ ರಕ್ತಕ್ಕೆ ದಾಟಿಸಿಬಿಡತ್ತೆ, ಕಾಲು ತಣ್ಣಗೇ ಇರತ್ತೆ, ಮೈ ಬಿಸಿ ಮಾತ್ರ ಹೊರಗೆ ಸೋರಲ್ಲ. ಉಬ್ಬಿದ ಪುಕ್ಕನೂ ಅಷ್ಟೇ, ನಡುವೆ ಗಾಳಿ ಹಿಡ್ಕೊಂಡು ರಜಾಯಿ ಥರ ಕೆಲಸ ಮಾಡತ್ತೆ.

ಆದ್ರೂ ಒಂದು ಗುಬ್ಬಚ್ಚಿ ತೂಕ 25-30 ಗ್ರಾಂ ಅಷ್ಟೇ. ಒಳಗೆ 41 ಡಿಗ್ರಿ ಹತ್ತಿರ ಬಿಸಿ ಕಾಪಾಡ್ಕೋಬೇಕು, ಹೊರಗೆ ಸೊನ್ನೆ. ರಾತ್ರಿಯೆಲ್ಲ ಎದೆಯ ಸ್ನಾಯು ನಡುಗಿಸಿ ನಡುಗಿಸಿ ಬಿಸಿ ಹುಟ್ಟಿಸ್ಕೋತಾವೆ, ಅದಕ್ಕೆ ಉರುವಲು ಅಂದ್ರೆ ಹಗಲು ತಿಂದು ಕೂಡಿಟ್ಟ ಚೂರು ಕೊಬ್ಬು. ಸಣ್ಣ ಹಕ್ಕಿಗಳು ಕೊರೆಯೋ ಚಳಿಯ ಒಂದೇ ರಾತ್ರೀಲಿ ಮೈತೂಕದ ಹತ್ತರಲ್ಲಿ ಒಂದು ಭಾಗದವರೆಗೂ ಕಳ್ಕೋಬಹುದು. ಉತ್ತರ ಅಮೆರಿಕದ ಚಿಕಡೀ ಅನ್ನೋ ಪುಟ್ಟ ಹಕ್ಕಿ ಉರುವಲು ಉಳಿಸೋಕೆ ಅಂತ ರಾತ್ರಿ ತನ್ನ ಮೈ ಬಿಸೀನೇ ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಸ್ಕೊಂಡು ಮಲಗತ್ತೆ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ 1969ರ ಚಳಿಗಾಲದಲ್ಲಿ ಒಂದೇ ಒಂದು ಗೂಡಿನ ಪೆಟ್ಟಿಗೆಯೊಳಗೆ 61 ರೆನ್ ಹಕ್ಕಿಗಳು ಒತ್ತೊತ್ತಾಗಿ ರಾತ್ರಿ ಕಳೆದಿದ್ದು ದಾಖಲಾಗಿದೆ. ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಇಂಥ ರಾತ್ರಿ ಕಳೆದು ಬಂದ ಹಕ್ಕಿಗೆ ಬೆಳಕು ಹರಿದ ತಕ್ಷಣ ಹೊಟ್ಟೆಗೆ ಬೀಳ್ಲೇಬೇಕು. ಬೇರೆ ಹೊತ್ತಲ್ಲಾದ್ರೆ ಎಲೆ ಅಲ್ಲಾಡಿದ್ರೂ ಹಾರಿಹೋಗೋ ಗುಬ್ಬಚ್ಚಿ ಆಗ ಇನ್ನೊಂದು ಕಾಳು ಅಂತ ಅಲ್ಲೇ ನಿಂತ್ಬಿಡತ್ತೆ. ಬೆಕ್ಕಿನ ಮೈಯಲ್ಲಿ ಬೇಟೆ ಏಳೋದೂ ನಸುಕು, ಮುಸ್ಸಂಜೆ ಹೊತ್ತಲ್ಲೇ. ಹಸಿದ ಹಕ್ಕಿ, ಆಗ ತಾನೇ ಎದ್ದ ಬೆಕ್ಕು, ಇಬ್ಬರೂ ಒಂದೇ ಗಳಿಗೇಲಿ ಒಂದೇ ಜಾಗದಲ್ಲಿ ಎದುರಾಗ್ತಾರೆ, ಅದಕ್ಕೇ ಹದಿನಾರು ವರ್ಷದ ಚಿನ್ನಿಗೂ ಅದು ಸಿಕ್ಕಿದ್ದು. ಚಿನ್ನಿಗೆ ಕೇಡು ಬುದ್ಧಿ ಬಂತು ಅಂತಲ್ಲ, ನಿಮ್ಮ ತಪ್ಪು ಅಂತಲೂ ಅಲ್ಲ. ಆ ಎರಡು ಗಂಟೆ ಅವರಿಬ್ಬರನ್ನ ಬೇರೆ ಬೇರೆ ಇಟ್ರೆ ಅಪಾಯದ ದೊಡ್ಡ ಪಾಲು ಅಲ್ಲಿಗೇ ಕಳೀತು.

ಕಾಳು ಇಡೋ ಜಾಗದ ಬಗ್ಗೆ ನೀವು ‘ಕಣಗಿಲೆ ಗಿಡದ ಬುಡದಲ್ಲಿ, ಮರೆಯಾಗಿರ್ಲಿ ಅಂತ’ ಅಂತ ಬರೆದಿದ್ದೀರಿ. ನಾನೂ ಮೊದಲ ವರ್ಷ ಹಾಗೇ ಮಾಡಿದ್ದು, ಹಕ್ಕಿಗೆ ಧೈರ್ಯ ಇರತ್ತೆ ಅಂತ. ಆದ್ರೆ ಆ ಮರೆ ಬೆಕ್ಕಿಗೂ ಮರೆಯೇ, ನಮ್ಮ ಕರಿಯ ಅಲ್ಲೇ ಹೊಟ್ಟೆ ನೆಲಕ್ಕೆ ತಾಗಿಸಿ ಅರ್ಧ ಗಂಟೆ ಮಲಗಿರ್ತಿದ್ದ. ತಟ್ಟೆ ಪೊದೆಯಿಂದ ಎರಡು ಮೂರು ಮೀಟರ್ ಆಚೆ, ಬಯಲಲ್ಲಿ, ಆದ್ರೆ ಎತ್ತರದಲ್ಲಿ ಇರ್ಲಿ, ಬೆಕ್ಕು ಓಡಿ ಬರೋದ್ರೊಳಗೆ ಹಕ್ಕಿಗೆ ಕಾಣ್ಬೇಕು, ಹಾರಿ ಕೂರೋಕೆ ಪೊದೆ ಹತ್ತಿರವೂ ಇರ್ಬೇಕು. ಕಿಟಕಿ ಗಾಜಿಗೆ ಹಕ್ಕಿ ಹೊಡ್ಕೊಳ್ಳೋ ಭಯ ಇದ್ರೆ ತಟ್ಟೆ ಗಾಜಿಂದ ಒಂದು ಮೀಟರಿಗಿಂತ ಹತ್ತಿರ ಇಡಿ, ಇಲ್ಲಾ ಹತ್ತು ಮೀಟರ್ ದೂರ ಇಡಿ, ಮಧ್ಯದ ದೂರವೇ ಕೆಟ್ಟದ್ದು, ಅಲ್ಲಿಂದ ಹಾರಿದ್ರೆ ಜೋರಾಗಿ ಬಂದು ಬಡೀತಾವೆ.

ಏನು ಇಡ್ಬೇಕು ಅಂದ್ರೆ ಎಣ್ಣೆ ಅಂಶ ಇರೋದು, ಸೂರ್ಯಕಾಂತಿ ಬೀಜ, ಉಪ್ಪು ಹಾಕದ ಹಸಿ ಕಡ್ಲೆಬೀಜ ಪುಡಿ ಮಾಡಿ. ಬ್ರೆಡ್ಡು ಹೊಟ್ಟೆ ತುಂಬ್ಸತ್ತೆ ಅಷ್ಟೇ, ರಾತ್ರಿಗೆ ಉರುವಲಾಗಲ್ಲ. ಹಾಲು ಬೇಡ, ಹಕ್ಕಿಗಳಿಗೆ ಅರಗಲ್ಲ. ಬೂಸ್ಟು ಹಿಡಿದ ಕಡ್ಲೆಬೀಜ ಅಂತೂ ವಿಷ, ಕಸಕ್ಕೆ ಹಾಕಿ. ನೀರು ಅಗಲ ತಟ್ಟೇಲಿ, ಎರಡು ಬೆರಳಷ್ಟು ಆಳ, ಉಗುರು ಬೆಚ್ಚಗೆ, ಗಟ್ಟಿಯಾದಾಗೆಲ್ಲ ಬದಲಾಯಿಸಿ, ಹೆಪ್ಪುಗಟ್ಟದೆ ಇರ್ಲಿ ಅಂತ ಉಪ್ಪು ಮಾತ್ರ ಹಾಕ್ಬೇಡಿ. ಸಂಜೆ ಕತ್ತಲಾಗೋ ಮುಂಚೆ ಇನ್ನೊಂದು ಸಲ ಕಾಳು ಇಡಿ, ರಾತ್ರಿಗೆ ಕೂಡಿಡೋದು ಆ ಹೊತ್ತಲ್ಲೇ. ತಟ್ಟೆ ತೊಳಿಯೋದನ್ನ ತಪ್ಪಿಸ್ಬೇಡಿ, ಒಂದೇ ಕಡೆ ಗುಂಪು ತಿಂದ್ರೆ ಹಿಕ್ಕೆಯಿಂದ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹರಡತ್ತೆ, ಹಾಗೆ ಕಾಯಿಲೆ ಬಿದ್ದ ಹಕ್ಕೀನೇ ಬೆಕ್ಕಿಗೆ ಸುಲಭವಾಗಿ ಸಿಗೋದು, ಅದನ್ನ ತಿಂದ ಬೆಕ್ಕಿಗೂ ಜ್ವರ, ವಾಂತಿ. ಅಂದ್ರೆ ತಟ್ಟೆ ತೊಳೆದ್ರೆ ಚಿನ್ನೀನೂ ಬಚಾವು.

ನೀವು ಬಿಡಿಸಿದ ಗುಬ್ಬಚ್ಚಿ ‘ಗಾಯ ಇರ್ಲಿಲ್ಲ, ಹಾರಿಹೋಯ್ತು’ ಅಂದಿರಿ. ನಾನೂ ಒಂದು ಸಲ ಹಾಗೇ ಹಾರಿಸಿ ಸಮಾಧಾನ ಪಟ್ಟಿದ್ದೆ, ಮಾರನೇ ದಿನ ಬೇಲಿ ಪಕ್ಕದಲ್ಲೇ ಸತ್ತು ಬಿದ್ದಿತ್ತು. ಅದೇ ಹಕ್ಕಿ ಅಂತ ನನಗೆ ಅನುಮಾನ ಇಲ್ಲ, ಬಾಲದಲ್ಲಿ ಎರಡು ಗರಿ ಇರ್ಲಿಲ್ಲ. ಬೆಕ್ಕಿನ ಬಾಯಲ್ಲಿ ಇರೋ ಬ್ಯಾಕ್ಟೀರಿಯಾ ಸೂಜಿ ಮೊನೆಯಷ್ಟು ತೂತಲ್ಲಿ ಹೋದ್ರೂ ಸಾಕು, ಪುಕ್ಕದಡಿ ನಮಗೆ ಕಾಣೋದೂ ಇಲ್ಲ, ಒಂದೆರಡು ದಿನದಲ್ಲಿ ನಂಜೇರತ್ತೆ. ಇನ್ನೊಂದು ಸಲ ಹಾಗಾದ್ರೆ ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಬೆಚ್ಚಗಿಟ್ಟು, ಬಾಯಿಗೆ ನೀರು ಬಿಡೋಕೆ ಹೋಗ್ದೆ, ನೇರ ಪಶುವೈದ್ಯರ ಹತ್ರ ತಗೊಂಡು ಹೋಗಿ, ಆಂಟಿಬಯಾಟಿಕ್ ಬೇಕಾಗತ್ತೆ.

ಬೆಕ್ಕಿಗೆ ಗಂಟೆ ಕಟ್ಟೋ ವಿಷಯ ಕೇಳಿದ್ರಿ. 2005ರ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಗಂಟೆ ಕಟ್ಟಿದ ಬೆಕ್ಕುಗಳು ಹಿಡಿದು ತರೋ ಹಕ್ಕಿ ಶೇ. 41ರಷ್ಟು ಕಡಿಮೆ ಆಗಿತ್ತು, ಆದ್ರೆ 2021ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದವರು ನೋಡಿದಾಗ ಗಂಟೆಯಿಂದ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಅದೇ ಅಧ್ಯಯನದಲ್ಲಿ ಮಾಂಸ ಜಾಸ್ತಿ ಇರೋ ಊಟ ಕೊಟ್ಟ ಬೆಕ್ಕುಗಳು ಮನೆಗೆ ತರೋ ಬೇಟೆ ಶೇ. 36, ದಿನಾ ಐದು ಹತ್ತು ನಿಮಿಷ ಆಟ ಆಡಿಸಿದ ಬೆಕ್ಕುಗಳದ್ದು ಶೇ. 25 ಕಡಿಮೆ ಆಯ್ತು. ನಾನಾಗಿದ್ರೆ ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ಆಡಿಸ್ತೀನಿ. ಚಿನ್ನಿ ಊಟ ಬದಲಾಯಿಸೋದು ಮಾತ್ರ ಡಾಕ್ಟರನ್ನ ಕೇಳಿಯೇ ಮಾಡಿ, ಈ ವಯಸ್ಸಲ್ಲಿ ಕಿಡ್ನಿ ಹೇಗಿದೆ ಅಂತ ಗೊತ್ತಾಗ್ಬೇಕು.

ಈಗ ನನಗೆ ನಿಜವಾಗ್ಲೂ ಚಿಂತೆ ಹತ್ತಿಸಿದ ಮಾತಿಗೆ ಬರ್ತೀನಿ. ಪತ್ರದ ಕೊನೇಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ, ‘ಈಗೀಗ ಕಿಟಕಿ ಕಟ್ಟೆಗೆ ಹಾರೋದೇ ಇಲ್ಲ, ತುಂಬ ಸೋಮಾರಿ ಆಗಿದೆ, ಬೆನ್ನಿನ ಕೂದ್ಲೆಲ್ಲ ಗಂಟು, ವಯಸ್ಸಾಯ್ತಲ್ಲ’ ಅಂತ. ಸೋಮಾರಿತನ ಅಲ್ಲ ಅದು, ನೋವು ಅಂತ ನನಗೆ ಅನ್ಸತ್ತೆ. 12 ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು, ಅದರಲ್ಲಿ 90 ಬೆಕ್ಕುಗಳ ಕೀಲು ಸವೆದಿತ್ತು. ನಾಯಿ ಥರ ಕುಂಟಲ್ಲ, ಕೂಗಲ್ಲ, ಹಾರೋದು ಬಿಡತ್ತೆ, ಬೆನ್ನಿನ ಕಡೆ ಕತ್ತು ತಿರುಗಿಸಿ ನೆಕ್ಕೋದು ಬಿಡತ್ತೆ, ಅಷ್ಟೇ. ನೀವು ಬರೆದ ಗಂಟು ಬೆನ್ನಲ್ಲೇ ಇರೋದು ನೋಡಿ.

ಚಳೀಲಿ ಇದು ಇನ್ನೂ ಕಷ್ಟ. ಬೆಕ್ಕುಗಳ ಮೂಲ ಬಿಸಿಲು ನಾಡಿನ ಕಾಡುಬೆಕ್ಕು, ಮೈ ಬಿಸಿಗೆ ಅಂತ ಬೇರೆ ಶಕ್ತಿ ಖರ್ಚು ಮಾಡದೆ ಹಾಯಾಗಿರೋದು ಅವಕ್ಕೆ 30ರಿಂದ 38 ಡಿಗ್ರೀಲಿ. ನಮಗೆ ಬೆಚ್ಚಗಿದೆ ಅನ್ಸೋ ಕೋಣೆ ಅದಕ್ಕೆ ತಣ್ಣಗೇ ಇರತ್ತೆ. ಕುರ್ಚೀಗೆ ಶಾಲಿನ ಮೇಲೆ ಇನ್ನೊಂದು ದಪ್ಪ ಕಂಬಳಿ ಹಾಕಿ, ಕಿಟಕಿ ಕೆಳಗೆ ಒಂದು ಸ್ಟೂಲು, ಅದರ ಪಕ್ಕ ಇನ್ನೂ ಗಿಡ್ಡ ಸ್ಟೂಲು ಇಟ್ಟು ಮೆಟ್ಟಿಲ ಥರ ಮಾಡಿ. ಬಿಸಿನೀರಿನ ಚೀಲ ಕೊಡೋದಾದ್ರೆ ಟವೆಲ್ ಸುತ್ತಿ, ಒಂದು ಕಡೆ ಮಾತ್ರ ಇಡಿ, ಬೇಡ ಅನ್ಸಿದ್ರೆ ಸರಿದು ಮಲಗೋಕೆ ಜಾಗ ಇರ್ಲಿ, ಏಳೋಕೆ ಕಷ್ಟ ಅಂತ ಹಳೇ ಬೆಕ್ಕುಗಳು ಸುಟ್ಟರೂ ಅಲ್ಲೇ ಮಲಗಿರ್ತಾವೆ. ಬೆಳಿಗ್ಗೆ ಹೊರಗೆ ಬಿಡಲ್ಲ ಅಂದ್ಮೇಲೆ ಒಳಗೆ ಅಂಚು ಗಿಡ್ಡಗಿರೋ ಮರಳಿನ ಟ್ರೇ ಬೇಕು. ಉಗುರೂ ನೋಡಿ, ವಯಸ್ಸಾದ್ಮೇಲೆ ಅದು ಸವೆಯದೆ ಬೆಳೆದು ಬಾಗಿ ಅಂಗಾಲಿಗೇ ಚುಚ್ಕೊಳ್ಳತ್ತೆ.

ಪಕ್ಕದ ಮನೆಯವರು ನಾವು ತಗೊಳ್ಳೋ ನೋವಿನ ಮಾತ್ರೆ ಅರ್ಧ ಕೊಡಿ ಅಂದ್ರು ಅಂತ ಬರೆದಿದ್ದೀರಿ. ದಯವಿಟ್ಟು ಕೊಡ್ಬೇಡಿ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೂಡ ಬೆಕ್ಕಿನ ಪ್ರಾಣ ತೆಗೀಬಹುದು, ಅದನ್ನ ಕರಗಿಸಿ ಹೊರಗೆ ಹಾಕೋ ಶಕ್ತಿ ಬೆಕ್ಕಿನ ಲಿವರಿಗೆ ಸರಿಯಾಗಿಲ್ಲ, ರಕ್ತ ಆಮ್ಲಜನಕ ಹೊರೋದನ್ನೇ ಬಿಟ್ಬಿಡತ್ತೆ. ಕೀಲುನೋವಿಗೆ ಬೆಕ್ಕಿಗೆ ಅಂತಲೇ ಔಷಧಿ ಇದೆ, ಡಾಕ್ಟರ್ ರಕ್ತ ಪರೀಕ್ಷೆ ಮಾಡಿ ಕೊಡ್ತಾರೆ. ಆ ಪರೀಕ್ಷೇಲೇ ಕಿಡ್ನಿ, ಥೈರಾಯ್ಡ್ ಎರಡೂ ಗೊತ್ತಾಗತ್ತೆ. ಮುಂಚಿಗಿಂತ ಜಾಸ್ತಿ ನೀರು ಕುಡೀತಿದ್ಯಾ, ಚೆನ್ನಾಗಿ ತಿಂದ್ರೂ ಇಳೀತಿದ್ಯಾ ಅಂತ ಗಮನಿಸಿ ಹೇಳಿ ಅವರಿಗೆ.

ಇಳಿದಿದೆಯೋ ಇಲ್ವೋ ಅನ್ನೋದು ಕಣ್ಣಿಗೆ ಗೊತ್ತಾಗಲ್ಲ, ದಿನಾ ನೋಡೋರಿಗಂತೂ ಗೊತ್ತಾಗೋದೇ ಇಲ್ಲ. ಹತ್ತರಲ್ಲಿ ಒಂದು ಭಾಗ ಅಂದ್ನಲ್ಲ, ಗುಬ್ಬಚ್ಚಿ ರಾತ್ರಿ ಕಳ್ಕೊಂಡಿದ್ದನ್ನ ಸಂಜೆಯೊಳಗೆ ತಿಂದು ಸರಿ ಮಾಡ್ಕೊಳ್ಳತ್ತೆ, ನಾಲ್ಕು ಕೆಜಿ ಬೆಕ್ಕು ಅದೇ ಹತ್ತರಲ್ಲಿ ಒಂದು, ಅಂದ್ರೆ 400 ಗ್ರಾಂ, ಸದ್ದಿಲ್ದೆ ಕಳ್ಕೊಂಡ್ರೆ ಒಳಗೆ ಏನೋ ಆಗಿದೆ ಅಂತಲೇ ಅರ್ಥ. ಕರಿಯನ ವಿಷಯದಲ್ಲಿ ನಾವು ಅದನ್ನ ನೋಡಿದ್ದು ತುಂಬ ತಡವಾಗಿ, ಎತ್ಕೊಂಡಾಗ ಬೆನ್ನುಮೂಳೆ ಕೈಗೆ ಸಿಕ್ಕಿದ್ಮೇಲೆ.

ನಾಳೆ ಬೆಳಿಗ್ಗೆ ಬಾಗಿಲು ತೆಗೆಯೋ ಬದಲು ಚಿನ್ನಿ ಊಟಾನ ಸ್ವಲ್ಪ ಬೆಚ್ಚಗೆ ಮಾಡಿ ಕಿಟಕಿ ಹತ್ರ ಇಡಿ, ಬೆಚ್ಚಗಿದ್ರೆ ವಾಸನೆ ಏಳತ್ತೆ, ಮೂಗು ಮಂದ ಆಗಿರೋ ಹಳೇ ಬೆಕ್ಕೂ ತಿನ್ನತ್ತೆ. ಆಮೇಲೆ ಸ್ಟೂಲು ಹತ್ತಿ ಗಾಜಿಗೆ ಮೂಗು ತಾಗಿಸ್ಕೊಂಡು ಗುಬ್ಬಚ್ಚಿಗಳನ್ನ ನೋಡ್ತಾ ಗದ್ದ ಅದುರಿಸಿ ಕಟಕಟ ಸದ್ದು ಮಾಡತ್ತೆ ನೋಡಿ, ನೀವು ಆ ಹೊತ್ತಲ್ಲಿ ನೆಮ್ಮದಿಯಾಗಿ ಹೊರಗೆ ಹೋಗಿ ತಟ್ಟೆ ಜಾಗ ಬದಲಾಯಿಸ್ಬಹುದು. ಮನೇಲಿ ತೂಕದ ಮಶೀನಿದ್ರೆ ಚಿನ್ನೀನ ಎತ್ಕೊಂಡು ಒಂದು ಸಲ, ಬಿಟ್ಟು ಒಂದು ಸಲ ನಿಂತು ಕಳೆದು ನೋಡಿ, ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಡಾಕ್ಟರ್ ಹತ್ರ ಹೋಗೋಕೆ ಮಾತ್ರ ಹದಿನೈದು ದಿನ ಕಾಯ್ಬೇಡಿ, ಈ ವಾರವೇ ಹೋಗಿ ಬನ್ನಿ. ಎರಡು ತೂಕವನ್ನೂ ಬರೆದು ಕಳಿಸಿ, ಕಾಯ್ತಿರ್ತೀನಿ.

— ಸಂಪಾದಕ